ಪದವಿ ಮೊದಲು, ಬೋರ್ಡು ಆಮೇಲೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಹಳೆಯ ವಿದ್ಯಾರ್ಥಿನಿ, ಯುನಾನಿ ವೈದ್ಯೆಯೊಬ್ಬರು ಮಾಡಿದ ಭಾಷಣ)





ಕೆಲವು ವರ್ಷಗಳ ಹಿಂದೆ ಇದೇ ಸಭೆಯ ಕೊನೆಯ ಸಾಲಿನಲ್ಲಿ ಅಬ್ಬಾನ ಪಕ್ಕ ಕುಳಿತು, ನನ್ನ ಹೆಸರು ಕರೆಯುವುದನ್ನೇ ಕಾಯುತ್ತಿದ್ದೆ. ಎಂಬಿಬಿಎಸ್ ಸೀಟಿಗೆ ಸಾಲುವಷ್ಟು ಅಂಕ ನನಗೆ ಬಂದಿರಲಿಲ್ಲ. ಯುನಾನಿ ಓದುತ್ತೇನೆ ಎಂದಾಗ ನೆಂಟರು, "ಡಾಕ್ಟರ್ ಆಗಲಿಲ್ಲ, ಹಕೀಮಳಾಗ್ತಾಳಂತೆ" ಎಂದು ನಕ್ಕರು. ಅಬ್ಬಾ ಮಾತ್ರ, "ಓದುವುದಾದರೆ ಪೂರ್ತಿ ಓದು" ಎಂದರು. ಇಂದು ನಿಮಗೆ ನಾನು ಹೇಳಬೇಕಾಗಿರುವುದೂ ಅಷ್ಟೇ.

ಹಕೀಮ್ ಎಂಬ ಪದ ಚಿಕ್ಕದಲ್ಲ. ಹಕೀಮ್ ಅಜ್ಮಲ್ ಖಾನರು ದೆಹಲಿಯಲ್ಲಿ ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಹಳೆಯ ಮದ್ದನ್ನು ಹೊಸ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಎಂಬುದು ಅವರ ಹಂಬಲವಾಗಿತ್ತು. ಅವರ ಪ್ರೋತ್ಸಾಹದಿಂದ ಬೆಳೆದ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ, ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಹಕೀಮರ ನೆನಪಿನಲ್ಲಿ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೃದಯ ಬಡಿತದ ಒಂದು ದೋಷವನ್ನು ಪತ್ತೆಹಚ್ಚಲು ಅದು ಇಂದಿಗೂ ಬಳಕೆಯಲ್ಲಿದೆ.

ಈಗ ದಾರಿ ಹೇಗಿದೆ ಎಂದು ನೋಡೋಣ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನೀಟ್‌ನಲ್ಲಿ ಅರ್ಹತೆ ಪಡೆಯಬೇಕು. ಬಿಯುಎಂಎಸ್ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಕನ್ನಡ ಮಾಧ್ಯಮದ ಮಕ್ಕಳು ಗಮನಿಸಿ: ಉರ್ದು, ಅರಬಿ ಅಥವಾ ಫಾರ್ಸಿಯ ಜ್ಞಾನವನ್ನೂ ಕೇಳುತ್ತಾರೆ, ಆ ನಿಯಮವನ್ನು ಮೊದಲೇ ಓದಿಕೊಳ್ಳಿ. ಬೆಂಗಳೂರಿನಲ್ಲಿ ಸರ್ಕಾರಿ ಯುನಾನಿ ಕಾಲೇಜಿದೆ. ಮುಂದೆ ಎಂಡಿ ಮಾಡುವವರಿಗೆ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ. ಸೇರುವ ಮೊದಲು ಕಾಲೇಜಿಗೆ ಭಾರತೀಯ ವೈದ್ಯ ಪದ್ಧತಿಯ ರಾಷ್ಟ್ರೀಯ ಆಯೋಗದ ಅನುಮತಿ ಇದೆಯೇ ಎಂದು ನೋಡಿ. ಓದು ಮುಗಿದ ಮೇಲೆ ರಾಜ್ಯ ಮಂಡಳಿಯಲ್ಲಿ ನೋಂದಣಿ; ಸ್ವಂತ ಕ್ಲಿನಿಕ್ ಇಡಲು ಕೆಪಿಎಂಇ ನೋಂದಣಿ.

"ಇಷ್ಟೆಲ್ಲ ಯಾಕೆ? ಒಂದು ವಾರದ ಹಿಜಾಮಾ ಕೋರ್ಸ್ ಮಾಡಿ ಅಂಗಡಿ ತೆರೆದರೆ ಸಾಲದೇ?" ಎಂದು ಯುವಕರು ನನ್ನನ್ನು ಕೇಳುತ್ತಾರೆ. ಅವರಿಗೆ ನನ್ನ ಮಾಮುವಿನ ಕಥೆ ಹೇಳುತ್ತೇನೆ.

ಮಾಮುಗೆ ಸಕ್ಕರೆ ಕಾಯಿಲೆ ಇತ್ತು. ಅಂಥ ಒಂದು ಅಂಗಡಿಯವರು, ಹಿಜಾಮಾ ಮಾಡಿಸಿದರೆ ಮಾತ್ರೆ ಬೇಕಿಲ್ಲ ಎಂದರು. ಮಾಮು ನನಗೆ ಫೋನ್ ಮಾಡಿ ಕೇಳಿದರು. ನಾನಾಗ ಮೂರನೇ ವರ್ಷದಲ್ಲಿದ್ದೆ. "ಪರೀಕ್ಷೆ ಇದೆ ಮಾಮು, ಮುಗಿದ ಮೇಲೆ ಮಾತಾಡೋಣ" ಎಂದೆ. ಪರೀಕ್ಷೆ ಮುಗಿಸಿ ಊರಿಗೆ ಹೋಗುವಷ್ಟರಲ್ಲಿ ಅವರ ಕಾಲಿನ ಗಾಯ ಕಪ್ಪಾಗಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಹಿಜಾಮಾಕ್ಕೆ ಹದೀಸ್‌ಗಳಲ್ಲಿ ಗೌರವದ ಸ್ಥಾನವಿದೆ. ಆ ಗೌರವದಿಂದಲೇ ಜನ ನಂಬಿ ಬೆನ್ನು ಕೊಡುತ್ತಾರೆ. ನಂಬಿದ ಬೆನ್ನಿನ ಮೇಲೆ ಬ್ಲೇಡ್ ಇಡುವವನಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಯಾರು, ರಕ್ತಹೀನತೆ ಇರುವವರು ಯಾರು, ಒಬ್ಬರಿಗೆ ಬಳಸಿದ ಕಪ್ಪು ಇನ್ನೊಬ್ಬರಿಗೆ ಯಾಕೆ ಕೂಡದು ಎಂಬುದು ಗೊತ್ತಿರಬೇಡವೇ? ಕಾಲೇಜಿನಲ್ಲಿ ನಾವು ಇಲಾಜ್ ಬಿತ್ ತದ್ಬೀರ್ ಜೊತೆಗೆ ಅಂಗರಚನೆಯನ್ನೂ ರೋಗಶಾಸ್ತ್ರವನ್ನೂ ಓದುವುದು ಇದಕ್ಕೇ. ಎದೆನೋವೆಂದು ಬಂದವರನ್ನು ನಾನು ಮಂಚದ ಮೇಲೆ ಮಲಗಿಸುವುದಿಲ್ಲ. ಆಟೋ ಕರೆಸಿ ತಾಲೂಕು ಆಸ್ಪತ್ರೆಗೆ ಕಳಿಸುತ್ತೇನೆ. ಸಕ್ಕರೆ, ಬಿಪಿ ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದು ಗೋಡೆಯ ಮೇಲೆ ಬರೆಸಿದ್ದೇನೆ.

ಸಂಪಾದನೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಮೊದಲ ಎರಡು ವರ್ಷ ಕ್ಲಿನಿಕ್ಕಿನ ಬಾಡಿಗೆ ಕಟ್ಟುವುದೇ ಕಷ್ಟವಾಗಿತ್ತು. ಸರ್ಕಾರಿ ಆಯುಷ್ ಹುದ್ದೆಗಳಿವೆ, ಆದರೆ ಪೈಪೋಟಿಯೂ ಇದೆ. ಔಷಧ ತಯಾರಿಕೆ, ಬೋಧನೆ, ಸಂಶೋಧನೆಗಳಲ್ಲೂ ಕೆಲಸವಿದೆ. ಬೇಗ ಶ್ರೀಮಂತರಾಗುವ ಆಸೆ ಇದ್ದವರು ಇಲ್ಲಿಗೆ ಬರಬೇಡಿ. ಆದರೆ ಗಂಡು ವೈದ್ಯರ ಮುಂದೆ ಬಾಯಿಬಿಡದ ಹೆಣ್ಣುಮಕ್ಕಳು ನನ್ನೆದುರು ಕುಳಿತು ವರ್ಷಗಳ ನೋವನ್ನು ಹೇಳಿಕೊಳ್ಳುವಾಗ, ಆ ಐದೂವರೆ ವರ್ಷ ವ್ಯರ್ಥವಾಗಲಿಲ್ಲ ಎನಿಸುತ್ತದೆ.

ದಾನಿಗಳಲ್ಲಿ ಒಂದು ವಿನಂತಿ. ಮೊದಲ ವರ್ಷದ ಫೀಸಿಗೆ ಎಲ್ಲರೂ ಕೈಜೋಡಿಸುತ್ತಾರೆ. ಮನೆಯವರ ಕೈ ಸೋಲುವುದು ಮೂರನೇ, ನಾಲ್ಕನೇ ವರ್ಷದಲ್ಲಿ. "ಮದುವೆ ಮಾಡಿಬಿಡೋಣ" ಎಂಬ ಮಾತು ಏಳುವುದೂ ಆಗಲೇ. ನನ್ನ ನಾಲ್ಕನೇ ವರ್ಷದ ಫೀಸು ಕಟ್ಟಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವರು ಈ ಸಭೆಯಲ್ಲಿದ್ದರೆ, ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ಕೊಡಲಿ. ಇಂದು ಚೆಕ್ ಪಡೆಯುವ ಮಕ್ಕಳನ್ನು ಕೊನೆಯ ವರ್ಷದವರೆಗೂ ಕೈಬಿಡಬೇಡಿ.

ಮಕ್ಕಳೇ, ಪೂರ್ತಿ ಓದಿ. ಬೋರ್ಡು ಬರೆಸುವುದಕ್ಕೆ ಒಂದು ದಿನ ಸಾಕು. ಅದರ ಕೆಳಗೆ ಕೂರುವ ಯೋಗ್ಯತೆಗೆ ವರ್ಷಗಳು ಬೇಕು. ಮಾಮು ಈಗ ನನ್ನ ಕ್ಲಿನಿಕ್ಕಿಗೇ ಬರುತ್ತಾರೆ. ನಾನು ಮೊದಲು ನೋಡುವುದು ಅವರ ಪಾದಗಳನ್ನು.