ತಂಬಿಗೆಯ ನೀರು

ಕಲಬುರಗಿಯ ಬೇಸಗೆಯನ್ನು ಹೊರಗಿನವರಿಗೆ ವರ್ಣಿಸಿ ಹೇಳಬೇಕಾದೀತು. ಇಲ್ಲಿಯವರಿಗೆ ಅದರ ಅಗತ್ಯವಿಲ್ಲ. ಯುಗಾದಿಯ ಹೊತ್ತಿಗೇ ಶಹಾಬಾದದ ಕಲ್ಲು ಹಾಸಿದ ಅಂಗಳ ಬರಿಗಾಲನ್ನು ಸುಡತೊಡಗುತ್ತದೆ. ಮೇ ತಿಂಗಳಿನಲ್ಲಿ ಉಷ್ಣಮಾನ 40 ಡಿಗ್ರಿ ದಾಟಿದರೆ ಅದು ಇಲ್ಲಿ ಸುದ್ದಿಯಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯೂ ಉಂಟು. ಕಚೇರಿಯ ಗಡಿಯಾರವನ್ನು ನಾವು ಬಿಸಿಲಿಗೆ ಹೊಂದಿಸಿಕೊಂಡೆವು. ನಮ್ಮ ದೇಹದೊಳಗಿನ ನೀರಿನ ಲೆಕ್ಕವನ್ನು ಅಷ್ಟೇ ಎಚ್ಚರದಿಂದ ಇಟ್ಟಿದ್ದೇವೆಯೆ ಎಂಬುದು ನನ್ನ ಪ್ರಶ್ನೆ.

ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಹೈಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು. ಅರವತ್ತು ಕಿಲೋ ತೂಗುವ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಆಗತಾನೆ ಹುಟ್ಟಿದ ಕೂಸಿನ ತೂಕದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ನೀರೇ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ನೀರಿದೆಯೆಂದು ಹೇಳಿದಾಗ ಹುಡುಗರು ನಗುತ್ತಿದ್ದರು. ಆ ನೀರು ಸುಮ್ಮನೆ ತುಂಬಿಟ್ಟ ನೀರಲ್ಲ. ರಕ್ತವಾಗಿ ಹರಿದು ಅನ್ನಾಂಶವನ್ನು ಒಯ್ಯುವುದು ಅದು. ಬೆವರಾಗಿ ಆರಿ ಮೈಯನ್ನು ತಂಪಾಗಿಡುವುದೂ ಅದೇ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ಇಷ್ಟು ಜಿಪುಣತನದ ಯಜಮಾನಿಕೆ ಯಾವ ಮನೆಯಲ್ಲಿದ್ದೀತು?

ರಕ್ತ ತುಸು ಉಪ್ಪಾದೊಡನೆ ಮಿದುಳು ಅದನ್ನು ಅರಿತು ಬಾಯಾರಿಕೆಯನ್ನು ಹುಟ್ಟಿಸುತ್ತದೆ. ಆದರೆ ಈ ದೂತನನ್ನು ಪೂರ್ಣ ನಂಬುವಂತಿಲ್ಲ. ಬಿಸಿಲಿನಲ್ಲಿ ದುಡಿಯುವವನಿಗೆ ಬಾಯಾರಿಕೆಯ ಅರಿವಾಗುವಷ್ಟರಲ್ಲಿ ನೀರು ಕಡಿಮೆಯಾಗಿಯೇ ಇರುತ್ತದೆ. ಮುದುಕರಲ್ಲಿ ಅವನ ದನಿ ಕ್ಷೀಣ. ಎಳೆಗೂಸಿಗೆ ಬಾಯಾರಿದರೂ ಕೇಳಲು ಮಾತಿಲ್ಲ. ಇನ್ನು ವಾಂತಿಭೇದಿ ಹತ್ತಿತೆಂದರೆ, ಬೆವರು ದಿನವಿಡೀ ಒಯ್ಯುವ ನೀರು ಕೆಲವೇ ಗಂಟೆಗಳಲ್ಲಿ ಹೋಗಿಬಿಡುತ್ತದೆ. ಇದನ್ನೇ ನಿರ್ಜಲೀಕರಣವೆನ್ನುತ್ತಾರೆ.

ಈ ಪದವನ್ನು ಪುಸ್ತಕದಲ್ಲಿ ಓದುವುದಕ್ಕೆ ಬಹಳ ಮೊದಲೇ ನಾನು ಅದನ್ನು ಕಣ್ಣಾರೆ ಕಂಡಿದ್ದೆ. 1964ರ ಬೇಸಗೆ, ನಾನು ಎಂಟು ವರ್ಷದವನು. ಕಮಲಾಪುರದ ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ತಂಗಿಗೆ ಭೇದಿ ಹತ್ತಿತು. ಅವ್ವ ನೀರು ಕುಡಿಸಹೋದಾಗ ನಮ್ಮ ಆಯಿ ಕೈ ಹಿಡಿದಳು: “ನೀರು ಕೊಡಬ್ಯಾಡವ್ವ, ಹೊಟ್ಟಿ ಇನ್ನಾ ಹರಿತದ.” ಇದು ಆಯಿಯೊಬ್ಬಳ ಮಾತಲ್ಲ, ಊರಿಗೆ ಊರೇ ನಂಬಿದ ಮಾತು. ಮಗುವಿನ ಕಣ್ಣು ಒಳಸೇರಿದವು. ಅತ್ತರೆ ಕಣ್ಣೀರು ಬರಲಿಲ್ಲ. ನೆತ್ತಿ ತಗ್ಗಾಯಿತೆಂದು ಅದಕ್ಕೆ ಎಣ್ಣೆ ಒತ್ತಿದರು. ಮರುದಿನ, ಆಗ ಗುಲಬರ್ಗಾ ಎನ್ನುತ್ತಿದ್ದ ಈ ನಗರಕ್ಕೆ ಬಸ್ಸಿನಲ್ಲಿ ಹೊರಟೆವು. ಅವ್ವನ ಪಕ್ಕದಲ್ಲಿ ತಂಬಿಗೆಯ ತುಂಬ ನೀರಿತ್ತು. ಅದರಲ್ಲಿ ಬಟ್ಟೆ ಅದ್ದಿ ಹಣೆಗಿಡುತ್ತಿದ್ದಳು. ಮಗು ತಂಬಿಗೆಯನ್ನೇ ನೋಡುತ್ತಿತ್ತು. ಊರು ತಲುಪುವ ಮೊದಲೇ ಎಲ್ಲವೂ ಮುಗಿದಿತ್ತು.

ಮುಂದೆ ಓದುವಾಗ ಒಂದು ಸಂಗತಿ ತಿಳಿದು ಮನಸ್ಸು ಕಲಕಿತು. ಕರುಳು ಸಕ್ಕರೆಯನ್ನು ಹೀರುವಾಗ ಜೊತೆಗೆ ಉಪ್ಪನ್ನೂ ಹೀರುತ್ತದೆ, ಅವೆರಡರ ಬೆನ್ನಿಗೆ ನೀರು ಒಳಗೆ ಹೋಗುತ್ತದೆ. ಈ ಜೊತೆಗಾರಿಕೆಯನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿಯೇ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದ್ದರು. ಕಾಲರಾ ಹತ್ತಿದ ಕರುಳಿನಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿಗೆ ಬಂದು ಸೇರಿದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಅವರಿಗೆ ಸಂದದ್ದು 2023ರಲ್ಲಿ.

ಈಗ ಆ ಮದ್ದು ಓ.ಆರ್.ಎಸ್. ಪೊಟ್ಟಣವಾಗಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಒಂದು ದಿನದೊಳಗೆ ಬಳಸಬೇಕು. ಅದು ಸಿಗದ ಹೊತ್ತಿನಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲರಿಂದ ಅರ್ಧ ಬಟ್ಟಲು, ಚಮಚದಿಂದ ಗುಟುಕು ಗುಟುಕಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಆರಂಭಿಸಬೇಕು. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕುಡಿಯಲಾರದಾದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಕುಡಿಯುವಂತಿದ್ದರೆ ದಾರಿಯಲ್ಲಿಯೂ ಕುಡಿಸುತ್ತಿರಬೇಕು. ಇನ್ನು ಬಿಸಿಲಿನಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯುವುದು ಲೇಸು. ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ ಇವು ನಮ್ಮ ಹಿರಿಯರು ಬಲ್ಲ ವಿದ್ಯೆಯೇ. ಬೆವರಿನೊಡನೆ ಹೋದ ಉಪ್ಪನ್ನು ಅವು ಮರಳಿ ತರುತ್ತವೆ.

1983ರಲ್ಲಿ ನನ್ನ ಮಗಳಿಗೂ ಅದೇ ವಯಸ್ಸಿನಲ್ಲಿ ಭೇದಿ ಹತ್ತಿತು. ನಾನು ಬಟ್ಟಲು ಹಿಡಿದು ಕುಳಿತೆ. ಆಯಿ ಇನ್ನೂ ಇದ್ದಳು. ಬಹಳ ಹೊತ್ತು ದೂರದಿಂದಲೇ ನೋಡಿದಳು. ನಡುರಾತ್ರಿ ನನಗೆ ತೂಕಡಿಕೆ ಬಂದಾಗ ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಗಾಗುವವರೆಗೆ ತಾನೇ ಕುಡಿಸಿದಳು. ಕೂಸು ಬಾಯಾರಿದೆನೆಂದು ಅತ್ತು, ಕಣ್ಣಲ್ಲಿ ನೀರು ತುಂಬಿದಾಗ ಆಯಿ ಇಷ್ಟೇ ಅಂದಳು: “ಆಗ ನಮಗ ಯಾರೂ ಹೇಳಲಿಲ್ಲಲ್ಲೋ ಯಪ್ಪಾ.”

ನಾಲ್ಕು ಜನರಿಗೆ ಹೇಳಬೇಕೆಂದು ಇಂದು ನಾನು ಮಾತಿಗೆ ಕುಳಿತದ್ದು ಆ ಕಾರಣಕ್ಕೆ.