ಯವನರ ದೇವರು, ನಮ್ಮ ಗೊಮ್ಮಟ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಹೋಗಿ ಮಹಾಲಕ್ಷ್ಮಿಯ ದರ್ಶನ ಮಾಡಿ ಬಂದವರು ನಿಮ್ಮಲ್ಲಿ ಅನೇಕರಿರಬಹುದು. ಸೀರೆ, ಹೂವು, ಒಡವೆಗಳ ಅಲಂಕಾರದಲ್ಲಿ ದೇವರನ್ನು ಕಾಣುವುದು ನಮ್ಮ ರೂಢಿ. ಈ ರೂಢಿಯ ಕಣ್ಣಿಗೆ ಗ್ರೀಕರ, ರೋಮನರ ದೇವತಾಮೂರ್ತಿಗಳು ಪುಸ್ತಕದಲ್ಲಿ ಕಂಡಾಗ ಸಂಕೋಚವಾಗುವುದು ಸಹಜ. ಮೈಮೇಲೆ ನೂಲಿನ ಎಳೆಯೂ ಇಲ್ಲದ ಇವನು ದೇವರು ಹೇಗಾದಾನು ಎಂದು ಮಕ್ಕಳು ಕೇಳಿದರೆ, ಸುಮ್ಮನೆ ಪುಟ ಮಗುಚಿಬಿಡುವ ಹಿರಿಯರೂ ಉಂಟು. ಪುಟ ಮಗುಚುವುದಕ್ಕಿಂತ ಉತ್ತರ ಹೇಳುವುದು ಮೇಲಲ್ಲವೇ?

ಆ ಉತ್ತರ ಗರಡಿಯಲ್ಲಿದೆ. ಗ್ರೀಕ್ ಯುವಕರು ಬಟ್ಟೆ ಕಳಚಿಟ್ಟು, ಮೈಗೆ ಎಣ್ಣೆ ತೀಡಿಕೊಂಡು ಸಾಮು ಮಾಡುತ್ತಿದ್ದರು. ಜಿಮ್ನೇಸಿಯಂ ಎಂಬ ಮಾತಿನ ಮೂಲದಲ್ಲಿಯೇ ‘ಬತ್ತಲೆ’ ಎಂಬ ಅರ್ಥವಿದೆ. ಒಲಿಂಪಿಯದ ಪಂದ್ಯಗಳು ಜ್ಯೂಸ್ ದೇವನ ಉತ್ಸವದ ಅಂಗವಾಗಿದ್ದುವು. ಪಳಗಿದ ಮೈಯೇ ಮನುಷ್ಯನ ಹಿರಿಮೆ ಎಂದು ಬಗೆದ ಆ ಜನ, ದೇವರಿಗೂ ಅಂಥ ಮೈಯನ್ನೇ ಕೊಟ್ಟರು. ಜ್ಯೂಸ್, ಪೊಸೈಡನ್ ಗಡ್ಡವಿರುವ ಪ್ರೌಢರು. ಅಪೊಲೊ ಮೀಸೆ ಮೂಡದ ತರುಣ. ಹೆರಾಕ್ಲೀಸ್ ನಮ್ಮ ಭೀಮನಂತೆ ಕಟ್ಟುಮಸ್ತಾದವನು. ಕ್ರಿಸ್ತಪೂರ್ವ ಐದನೆಯ ಶತಮಾನದ ಪಾಲಿಕ್ಲೀಟಸ್ ಎಂಬ ಶಿಲ್ಪಿ ಪುರುಷದೇಹದ ಪ್ರಮಾಣಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಅವನ ಭರ್ಜಿಧಾರಿಯ ಭಾರವೆಲ್ಲ ಒಂದು ಕಾಲಿನ ಮೇಲೆ. ಸೊಂಟ ಒಂದು ಕಡೆಗೆ ಏರಿದರೆ ಹೆಗಲು ಇನ್ನೊಂದು ಕಡೆಗೆ ಏರುತ್ತದೆ. ಕಲ್ಲು ಈಗಲೋ ಆಗಲೋ ಹೆಜ್ಜೆಯಿಟ್ಟೀತು ಎನಿಸುತ್ತದೆ. ಅವನ ಮೂಲ ಕಂಚಿನ ವಿಗ್ರಹ ಉಳಿದಿಲ್ಲ. ರೋಮನರು ಮಾಡಿಸಿದ ಅಮೃತಶಿಲೆಯ ಪ್ರತಿಗಳಿಂದಲೇ ನಮಗೆ ಅದರ ಪರಿಚಯ.

ಈ ದೇವರುಗಳು ನಮಗೆ ತೀರ ದೂರದವರೂ ಅಲ್ಲ. ಬೆಳಗಾವಿಯ ಗಡಿಯಾಚೆಯ ಕೊಲ್ಹಾಪುರದಲ್ಲಿ, ಬ್ರಹ್ಮಪುರಿ ಎಂಬ ದಿಬ್ಬವನ್ನು 1940ರ ದಶಕದಲ್ಲಿ ಅಗೆದಾಗ, ಕಡಲ ಒಡೆಯನಾದ ಪೊಸೈಡನ್ನನ ಪುಟ್ಟ ಕಂಚಿನ ವಿಗ್ರಹ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ವ್ಯಾಪಾರದ ಹಡಗುಗಳೊಡನೆ ಅವರ ರೂಪಗಳೂ ನಮ್ಮ ನೆಲಕ್ಕೆ ಬಂದುವು.

ಹಾಗಿದ್ದರೂ ನಮ್ಮ ಶಿಲ್ಪಿ ತನ್ನ ದಾರಿಯನ್ನೇ ಹಿಡಿದನು. ಶ್ರವಣಬೆಳಗೊಳದ ಗೊಮ್ಮಟನನ್ನು ನೆನೆಯಿರಿ. ಗಂಗರ ಮಂತ್ರಿ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ, ಸುಮಾರು 58 ಅಡಿಯ ಆ ಮೂರ್ತಿಯೂ ದಿಗಂಬರವೇ. ಬಾಹುಬಲಿಯೂ ಜಟ್ಟಿಯೇ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣ ಭರತನನ್ನು ಗೆದ್ದವನು. ಆದರೆ ಶಿಲ್ಪಿ ಆರಿಸಿಕೊಂಡದ್ದು ಗೆಲುವಿನ ಗಳಿಗೆಯನ್ನಲ್ಲ, ಗೆದ್ದುದನ್ನು ಬಿಟ್ಟುಕೊಟ್ಟ ಅನಂತರದ ನಿಲುವನ್ನು. ಹೆಗಲು ವಿಶಾಲವಾಗಿದೆ, ತೋಳು ನೀಳವಾಗಿದೆ. ಆದರೆ ಮಾಂಸಖಂಡಗಳು ಎಲ್ಲಿಯೂ ಉಬ್ಬಿಲ್ಲ. ಎರಡು ಪಾದಗಳ ಮೇಲೂ ಭಾರ ಸಮನಾಗಿದೆ. ಕಾಲ ಬಳಿ ಹುತ್ತ ಬೆಳೆದಿದೆ, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ, ಅವನು ಅಲುಗಿಲ್ಲ.

ನಮ್ಮವರಿಗೆ ಅಂಗರಚನೆಯ ಜ್ಞಾನವಿರಲಿಲ್ಲವೆಂದು ಹಿಂದೆ ಕೆಲವು ಪಾಶ್ಚಾತ್ಯ ವಿಮರ್ಶಕರು ಹೇಳಿದ್ದುಂಟು; ಅದನ್ನು ನಂಬಿ ನಮ್ಮ ವಿದ್ಯಾವಂತರೂ ತಲೆ ತಗ್ಗಿಸಿದರು. ಅಷ್ಟೆತ್ತರದ ಮೂರ್ತಿಯನ್ನು, ತೊಡೆಯಿಂದ ಮೇಲಕ್ಕೆ ಆಸರೆಯೇ ಇಲ್ಲದೆ, ಬೆಟ್ಟದ ಬಂಡೆಯಲ್ಲಿ ಬಿಡಿಸಿದವನಿಗೆ ದೇಹದ ಲೆಕ್ಕ ತಿಳಿಯದೆ ಇದ್ದೀತೆ? ಮುಖದ ಉದ್ದವನ್ನು ಅಳತೆಯಾಗಿಟ್ಟುಕೊಂಡು ಇಡಿಯ ಮೈಯನ್ನು ಎಣಿಸುವ ತಾಲಮಾನ ನಮ್ಮ ಶಿಲ್ಪಶಾಸ್ತ್ರದಲ್ಲಿದೆ. ಅಳತೆ ಇಬ್ಬರಲ್ಲಿಯೂ ಇತ್ತು, ಗುರಿ ಮಾತ್ರ ಬೇರೆಯಾಗಿತ್ತು. ಯವನ ಶಿಲ್ಪಿ ಮೈಯ ಬಲವನ್ನು ತೋರಿಸಿದನು. ನಮ್ಮವನು ಬಲವನ್ನು ಒಳಗೆ ಅಡಗಿಸಿ ನಿಂತವನನ್ನು ತೋರಿಸಿದನು.

ಒಂದನ್ನು ಮೆಚ್ಚಲು ಇನ್ನೊಂದನ್ನು ಹಳಿಯಬೇಕಾಗಿಲ್ಲ. ವಿಂಧ್ಯಗಿರಿಯನ್ನು ಹತ್ತಿ, ದಿಗಂಬರನ ಮುಂದೆ ಸಂಕೋಚವಿಲ್ಲದೆ ಕೈಮುಗಿಯುವ ನಮಗೆ, ಪುಸ್ತಕದ ಅಪೊಲೊನನ್ನು ಕಂಡು ಕಣ್ಣು ತಗ್ಗಿಸುವ ಕಾರಣವೂ ಇಲ್ಲ. ಮಕ್ಕಳು ಕೇಳಿದಾಗ ಎರಡು ಚಿತ್ರಗಳನ್ನೂ ಜೊತೆಯಲ್ಲಿಟ್ಟು ತೋರಿಸಿ. ಎಷ್ಟೋ ಸಂಗತಿಗಳನ್ನು ಅವರೇ ಕಂಡು ಹೇಳುತ್ತಾರೆ.