ಬೀಡಿ ಮುಟ್ಟದವರಿಗೆ ಶ್ವಾಸಕೋಶದ ಕ್ಯಾನ್ಸರ್ ಯಾಕೆ?

ನಾನು ಡಾಕ್ಟರ್ ಅಲ್ಲ, ನೊಯ್ಡಾದಲ್ಲಿ ಕೋಡ್ ಬರೆಯೋನು. ಮೂವತ್ತು ವರ್ಷದಿಂದ ದೆಹಲಿಯಲ್ಲೇ ಇರೋ ನಮ್ಮ ದೊಡ್ಡಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂದಾಗ ಓದೋಕೆ ಕೂತೆ.

ಹೊಗೆ ಡಿಎನ್‌ಎ ಕೆಡಿಸುತ್ತೆ, ಅದರಿಂದಲೇ ಕ್ಯಾನ್ಸರ್ ಅಂತ ತಿಳ್ಕೊಂಡಿದ್ದೆ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಹೇಳಿದ್ದು ಬೇರೆ. ಗಡ್ಡೆ ಇಲ್ಲದ, ನೋಡೋಕೆ ಆರೋಗ್ಯವಾಗಿದ್ದ ಶ್ವಾಸಕೋಶದ ತುಣುಕುಗಳನ್ನು ಅವರು ಪರೀಕ್ಷಿಸಿದರು. ಶೇ. 18ರಲ್ಲಿ ಇಜಿಎಫ್ಆರ್ ಜೀನಿನ ಕ್ಯಾನ್ಸರ್ ತರೋ ರೂಪಾಂತರ ಆಗಲೇ ಇತ್ತು! ವಯಸ್ಸಾದಂತೆ ತಾನಾಗೇ ಸೇರಿಕೊಳ್ಳೋ ತಪ್ಪು. ರನ್ ಆಗದ ಕೋಡಿನಲ್ಲಿ ಕೂತ ಬಗ್ ಥರ. ಪಿಎಂ 2.5 ಧೂಳು ಒಳಹೊಕ್ಕಾಗ ಕಾವಲು ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಬಿಡುಗಡೆ ಮಾಡ್ತವೆ. ಆ ಉರಿಯೂತ ಮಲಗಿದ್ದ ಕೋಶವನ್ನು ಎಬ್ಬಿಸುತ್ತೆ. ಇಲಿಗಳಲ್ಲಿ ಆ ಸಂಕೇತಕ್ಕೆ ತಡೆ ಹಾಕಿದಾಗ ಗಡ್ಡೆ ಹುಟ್ಟೋದು ತಗ್ಗಿತು.

ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ್ದು 40. ನವೆಂಬರಿನ ದೆಹಲಿ ನೀವೇ ನೋಡಿದ್ದೀರಿ.

ದೊಡ್ಡಮ್ಮನ ಬಯಾಪ್ಸಿಯಲ್ಲೂ ಇಜಿಎಫ್ಆರ್ ಪಾಸಿಟಿವ್. ಇಲ್ಲಿನ ಗಾಳಿಯೇ ಕಾರಣ ಅಂತ ಯಾವ ಡಾಕ್ಟರೂ ಬರೆದುಕೊಡಲ್ಲ, ಬಿಡಿ. ಮಾತ್ರೆ ನಡೀತಿದೆ. "ನಾನೇನು ತಪ್ಪು ಮಾಡಿದೆನಪ್ಪಾ?" ಅಂತ ಕೇಳ್ತಿದ್ರು. ಹೋದ ಭಾನುವಾರ ಇದನ್ನೆಲ್ಲ ಕೂತು ಹೇಳಿದೆ.